ಜಾಬ್ರೆಗ್‌ನ ಚಳಿಗಾಲಕ್ಕೆ ಮೂವತ್ತು ಪುಸ್ತಕ

ಡಿಸೆಂಬರ್‌ನ ಮೊದಲ ಮಂಗಳವಾರ ಪುಸ್ತಕದ ಬಸ್ಸು ಜಾಬ್ರೆಗ್ ಗುಡ್ಡ ಹತ್ತಿ ಬರುವ ಹೊತ್ತಿಗೆ ಹಾಲಿನ ಡೈರಿಯ ಮುಂದೆ ಆಗಲೇ ಜನ ನೆರೆದಿದ್ದರು. ಚೀಲ ಹಿಡಿದು ಬಂದವರು ಯಾರೂ ಇಲ್ಲ. ಕೈಗಾಡಿ ತಳ್ಳಿಕೊಂಡು ಬಂದವರು, ಬೆನ್ನಿಗೆ ಹುಲ್ಲು ಹೊರುವ ಬುಟ್ಟಿ ಕಟ್ಟಿಕೊಂಡವರು, ಒಬ್ಬರಂತೂ ಮೊಮ್ಮಕ್ಕಳ ಹಿಮದ ಜಾರುಬಂಡಿಯನ್ನೇ ಎಳೆದು ತಂದಿದ್ದರು. ಇನ್ನು ಮಾರ್ಚ್‌ವರೆಗೆ ಬಸ್ಸು ಮೇಲೆ ಬರುವುದಿಲ್ಲ. ಸೋಚಾ ನದಿಯ ಕಣಿವೆಯಿಂದ ಏಳುವ ಈ ರಸ್ತೆಯನ್ನು ಹಾಲಿನ ಲಾರಿಯೇನೋ ಚಕ್ರಕ್ಕೆ ಸರಪಳಿ ಕಟ್ಟಿಕೊಂಡು ಏದುಸಿರು ಬಿಡುತ್ತ ಹತ್ತುತ್ತದೆ. ನಾಲ್ಕು ಸಾವಿರ ಪುಸ್ತಕ ಹೊತ್ತ ಬಸ್ಸಿಗೆ ಅದು ಆಗದ ಮಾತು. ಹಾಗಾಗಿ ಸೌದೆ, ಆಲೂಗಡ್ಡೆ, ಹುಳಿ ಬರಿಸಿದ ಎಲೆಕೋಸಿನ ಜೊತೆಗೆ ಮೂರು ತಿಂಗಳಿಗಾಗುವಷ್ಟು ಪುಸ್ತಕವನ್ನೂ ಮನೆಗೆ ತುಂಬಿಕೊಳ್ಳುವುದು ಜಾಬ್ರೆಗ್‌ನವರ ರೂಢಿ.

ವ್ಲಾಸ್ತಾಗೆ ಇದು ಬಸ್ಸಿನಲ್ಲಿ ಮೊದಲ ಚಳಿಗಾಲ. ಹಳೆಯ ಗ್ರಂಥಪಾಲಕರು ಏಪ್ರಿಲ್‌ನಲ್ಲಿ ನಿವೃತ್ತರಾದ ಮೇಲೆ ಈ ಬಸ್ಸು, ಇದರ ಹದಿನೇಳು ಊರು, ಕೂದಲಿಗೆ ಅಂಟಿಕೊಳ್ಳುವ ಡೀಸೆಲ್ ವಾಸನೆ ಎಲ್ಲ ಅವಳ ಪಾಲಿಗೆ ಬಂದಿದ್ದವು. ಬೆಳಗ್ಗೆ ಐದಕ್ಕೆ ಎದ್ದು, ಇಬ್ಬರು ಮಕ್ಕಳ ನಾಲ್ಕು ಕಾಲುಚೀಲಗಳಲ್ಲಿ ದಿನಾ ಕಾಣೆಯಾಗುವ ಒಂದನ್ನು ಹುಡುಕಿ, ಅವರನ್ನು ಶಾಲೆಯ ಬಾಗಿಲೊಳಗೆ ದಬ್ಬಿ ಬರುವಷ್ಟರಲ್ಲೇ ಅರ್ಧ ಜೀವ ಖರ್ಚಾಗಿರುತ್ತಿತ್ತು. ಆದರೆ ಇವತ್ತು ಅವಳು ಒಳಗೊಳಗೇ ಉಬ್ಬಿದ್ದಳು. ನವೆಂಬರ್‌ನಲ್ಲಿ ಬ್ರೇಕ್ ರಿಪೇರಿಗೆಂದು ಬಸ್ಸು ಎರಡು ವಾರ ಗ್ಯಾರೇಜಿನಲ್ಲಿ ನಿಂತಾಗ ಅವಳು ಸುಮ್ಮನೆ ಕೂತಿರಲಿಲ್ಲ. ಪತ್ತೇದಾರಿ, ಇತಿಹಾಸ, ಮಾಯಾಲೋಕದ ಕತೆ, ಈ ಮೂರು ಕಪಾಟಿನ ಒಂದೊಂದು ಪುಸ್ತಕವನ್ನೂ ತೆಗೆದು, ಯಾರೋ ತುಂಟರು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ್ದ ಶಿಲುಬೆ, ಬೆಕ್ಕಿನ ಕಿವಿ, ಪುಟ್ಟ ರೈಲು ಎಲ್ಲವನ್ನೂ ಉಜ್ಜಿ ಅಳಿಸಿದ್ದಳು. ಮೂರು ರಬ್ಬರ್ ಸವೆದು ಹೋಗಿದ್ದವು. ಯಾರಾದರೂ ಗಮನಿಸಿ ಒಂದು ಒಳ್ಳೆಯ ಮಾತಾಡಿಯಾರು ಎಂಬ ಸಣ್ಣ ಆಸೆಯಿತ್ತು.

ಗಮನಿಸಿದ್ದು ರೊಜಾಲಿಯಾ ತೇತಾ, ಎರಡೇ ನಿಮಿಷದಲ್ಲಿ.

ತೇತಾ ಎಂದರೆ ಚಿಕ್ಕಮ್ಮ. ಎಂಬತ್ತೊಂದರ ಈ ಮುದುಕಿ ಇಡೀ ಊರಿಗೇ ತೇತಾ. ಊರಿನ ತುತ್ತತುದಿಯ ಮನೆ ಅವಳದು. ಓದುವುದು ಪತ್ತೇದಾರಿ ಕಾದಂಬರಿ ಒಂದೇ, ಅದೂ ವಾರಕ್ಕೆ ಎರಡು ಮೂರರಂತೆ. ಅವಳು ಮೊದಲ ಪುಸ್ತಕ ತೆಗೆದು ಹತ್ತೊಂಬತ್ತನೆಯ ಪುಟ ತೆರೆದಳು. ಮುಚ್ಚಿದಳು. ಇನ್ನೊಂದು ತೆಗೆದು ಹತ್ತೊಂಬತ್ತು ನೋಡಿದಳು. ಮತ್ತೊಂದು. ಕನ್ನಡಕ ಒರೆಸಿಕೊಂಡು ಇನ್ನೂ ಒಂದು.

“ಕಳ್ಳತನ!” ಎಂದಳು ತೇತಾ, ಬಸ್ಸಿನ ಗಾಜು ನಡುಗುವ ಹಾಗೆ. “ನನ್ನ ಗುರುತುಗಳನ್ನೆಲ್ಲ ಯಾರೋ ಕದ್ದಿದಾರೆ!”

ಇತಿಹಾಸದ ಕಪಾಟಿನ ಕಡೆಯಿಂದ ಸಿರಿಲ್ ತಿರುಗಿದರು. ಅವರು ನಿವೃತ್ತ ಸ್ಟೇಷನ್ ಮಾಸ್ಟರ್, ಈಗಲೂ ಹೆಜ್ಜೆ ಇಡುವುದು ಗಡಿಯಾರ ನೋಡಿಕೊಂಡೇ. “ನಂದೂ ಇಲ್ಲ,” ಎಂದರು ಸಣ್ಣ ದನಿಯಲ್ಲಿ. “ನನ್ನ ರೈಲುಗಳು... ಒಂದೂ ಇಲ್ಲ.”

“ನನ್ನ ಬೆಕ್ಕುಗಳೂ!” ಎಂದು ಕೂಗಿದಳು ಯೆರ್ಚಾ. ಅವಳು ಡೈರಿಯಲ್ಲಿ ಚೀಸ್ ಮಾಡುವವಳು. ಮಾಯಾಲೋಕದ ಕತೆ ಬಿಟ್ಟು ಬೇರೆ ಮುಟ್ಟಿದವಳಲ್ಲ.

ವ್ಲಾಸ್ತಾ ಕೈಯಲ್ಲಿದ್ದ ತಾರೀಖಿನ ಮುದ್ರೆಯನ್ನು ಕೆಳಗಿಟ್ಟಳು. “ಅದು... ಗಲೀಜು ಅಂದ್ಕೊಂಡು ನಾನೇ ಅಳಿಸಿದೆ,” ಎಂದಳು.

“ಗಲೀಜಾ?” ತೇತಾ ಅವಳ ಹತ್ತಿರ ಬಂದಳು. “ಮಗಳೇ, ಅದು ನಲವತ್ತು ವರ್ಷದ ದುಡಿಮೆ. ಹತ್ತೊಂಬತ್ತನೇ ಪುಟದಲ್ಲಿ ಶಿಲುಬೆ ಇದ್ರೆ ನಾನು ಓದಿದೀನಿ ಅಂತ. ಕೆಳಗೆ ಅಲೆ ಎಳೆದಿದ್ರೆ ರಾತ್ರಿ ನಿದ್ದೆ ಬರಲ್ಲ ಅಂತ. ಎರಡು ಚುಕ್ಕೆ ಇಟ್ಟಿದ್ರೆ ಕೊಲೆಗಾರ ಅರ್ಧಕ್ಕೇ ಗೊತ್ತಾಗ್ತಾನೆ, ದುಡ್ಡು ದಂಡ ಅಂತ.”

“ದುಡ್ಡು ಎಲ್ಲಿ ಕೊಡ್ತೀಯ ತೇತಾ, ಬಿಟ್ಟಿ ಅಲ್ವಾ,” ಎಂದನು ಬಸ್ಸಿನ ಚಾಲಕ ಸ್ತಾನೆ, ತನ್ನ ಸೀಟಿನಿಂದ.

“ಕಣ್ಣು ದಂಡ, ಸರೀನಾ? ಈ ಊರಿನವರು ಅದನ್ನ ನೋಡ್ಕೊಂಡೇ ಪುಸ್ತಕ ಆರಿಸೋದು. ನನ್ನ ಅಲೆ ಇದ್ರೆ ಎಲ್ಲರೂ ಮುಗಿಬೀಳ್ತಾರೆ. ಯೆರ್ಚಾಳ ಬೆಕ್ಕಿಗೆ ಮೀಸೆ ಇದ್ರೆ ಮಕ್ಕಳಿಗೆ ಕೊಡಬಾರದು ಅಂತ ಅರ್ಥ. ಸಿರಿಲ್‌ನ ರೈಲಿಗೆ ಎಷ್ಟು ಡಬ್ಬಿ ಇದ್ಯೋ ಅಷ್ಟು ಬೋರು.”

“ಬೋರಲ್ಲ, ಅಷ್ಟು ವಿವರ!” ಎಂದರು ಸಿರಿಲ್.

ಕಂಪ್ಯೂಟರ್ ನೋಡೋಣ ಎಂದು ಯಾರೋ ಹೇಳಿದರು. ಆದರೆ ಕಂಪ್ಯೂಟರ್‌ಗೆ ಈಗ ಯಾರ ಬಳಿ ಏನಿದೆ ಎಂಬುದಷ್ಟೇ ಗೊತ್ತು. ಪುಸ್ತಕ ಮರಳಿ ಬಂತೆಂದರೆ ಓದಿದವರ ಹೆಸರನ್ನು ಅದು ಮರೆತುಬಿಡಬೇಕು, ನಿಯಮವೇ ಹಾಗೆ. ಪತ್ತೇದಾರಿ ಕಪಾಟಿನಲ್ಲೋ ಎಲ್ಲ ಪುಸ್ತಕದ ರಕ್ಷಾಪುಟದ ಮೇಲೂ ಒಂದೇ ಚಿತ್ರ: ಮಂಜು, ಒಂಟಿ ಮನೆ, ದೀಪ ಉರಿಯುವ ಒಂದು ಕಿಟಕಿ. ಅದನ್ನು ನೋಡಿ ಓದಿದ್ದೋ ಓದದ್ದೋ ತೇತಾಗೆ ತಿಳಿಯುವಂತಿರಲಿಲ್ಲ.

“ಮೂವತ್ತು ಪುಸ್ತಕ ಬೇಕು ನಂಗೆ,” ಎಂದಳು ತೇತಾ. ಈಗ ಅವಳ ದನಿಯಲ್ಲಿ ಕೋಪ ಇರಲಿಲ್ಲ. ಅದು ವ್ಲಾಸ್ತಾಗೆ ಇನ್ನೂ ಕಷ್ಟವಾಯಿತು. “ಹಿಮ ಕಿಟಕಿವರೆಗೆ ಬಂದಾಗ ಮನೆ ಒಳಗೆ ಏನಾದ್ರೂ ಒಂದು ಗೊತ್ತಿಲ್ಲದ್ದು ಇರಬೇಕು ಮಗಳೇ. ಬೆಳಗ್ಗೆ ಹಾಸಿಗೆಯಿಂದ ಎದ್ದೇಳೋಕೆ ನಂಗೆ ಅದೇ ಕಾರಣ. ಗೊತ್ತಿರೋ ಕೊಲೆಗಾರರನ್ನ ಕಟ್ಕೊಂಡು ಮೂರು ತಿಂಗಳು ಹ್ಯಾಗೆ ಕಳೀಲಿ?”

ಸ್ತಾನೆ ಗಾಜಿನಾಚೆ ನೋಡಿದ. ಶಿಖರದ ಮೇಲೆ ಮೋಡ ಕೂತಿತ್ತು. “ಮೂರು ಗಂಟೆಗೆ ಹೊರಡ್ತೀನಿ. ಆಮೇಲೆ ಒಂದು ನಿಮಿಷ ಇರಲ್ಲ,” ಎಂದ. ಆಗ ಒಂದೂವರೆ.

ವ್ಲಾಸ್ತಾ ಅಂಗಿಯ ತೋಳು ಮೇಲೇರಿಸಿದಳು. “ತೇತಾ, ಕೂತ್ಕೊಳ್ಳಿ. ಒಂದೊಂದರದ್ದೂ ಮೊದಲ ಪುಟ ಓದ್ತೀನಿ. ಕೊಲೆಗಾರ ಯಾರು ಅಂತ ನೆನಪಾದ್ರೆ ಓದಿದ್ದು ಅಂತ ಲೆಕ್ಕ.”

ಅವಳು ‘ಹನ್ನೊಂದನೆಯ ಛತ್ರಿ’ಯಿಂದ ಶುರು ಮಾಡಿದಳು. ಎರಡು ಸಾಲು ಮುಗಿದಿತ್ತೋ ಇಲ್ಲವೋ, “ಹಲ್ಲಿನ ಡಾಕ್ಟ್ರು!” ಎಂದಳು ತೇತಾ.

ಬಸ್ಸಿನ ಹಿಂದುಗಡೆ ಹಾಹಾಕಾರ ಎದ್ದಿತು. ಆ ಪುಸ್ತಕಕ್ಕಾಗಿ ಮೂರು ತಿಂಗಳಿಂದ ಕಾಯುತ್ತಿದ್ದ ಜೇನು ಸಾಕುವ ಹೆಂಗಸೊಬ್ಬಳು ತನ್ನ ಖಾಲಿ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು. “ಅಯ್ಯೋ ತೇತಾ, ನಿನ್ನ ಬಾಯಿಗೆ ಬೀಗ ಹಾಕ! ನಾನು ಅದನ್ನ ಕ್ರಿಸ್‌ಮಸ್‌ಗೆ ಇಟ್ಕೊಂಡಿದ್ದೆ!”

“ಜೋರಾಗಿ ಹೇಳಬೇಡಿ,” ಎಂದಳು ವ್ಲಾಸ್ತಾ ಗಾಬರಿಯಿಂದ. “ಕಿವೀಲಿ ಹೇಳಿ.”

“ಯಾರ ಕಿವೀಲಿ? ಇಲ್ಲಿ ಎಲ್ಲರೂ ಓದೋರೇ.”

ಎಲ್ಲರ ಕಣ್ಣೂ ಒಟ್ಟಿಗೆ ಚಾಲಕನ ಸೀಟಿನ ಕಡೆ ತಿರುಗಿದವು. ಹನ್ನೊಂದು ವರ್ಷದಿಂದ ಪುಸ್ತಕ ಹೊತ್ತು ಬೆಟ್ಟ ಹತ್ತಿ ಇಳಿದರೂ ಒಂದು ಹಾಳೆ ಮಗುಚದೆ ಇದ್ದ ಏಕೈಕ ಮನುಷ್ಯ ಸ್ತಾನೆ.

ಹೀಗೆ ಶುರುವಾಯಿತು. ವ್ಲಾಸ್ತಾ ನಾಲ್ಕು ಸಾಲು ಓದುವುದು, ತೇತಾ ಸ್ತಾನೆಯ ಕಿವಿಗೆ ಬಾಗಿ ಪಿಸುಗುಡುವುದು, ಸ್ತಾನೆ ತಲೆಯಾಡಿಸುವುದು, ಪುಸ್ತಕ ಓದಿದ್ದೆಂದು ಬಲಗಡೆ ಗುಡ್ಡೆಗೆ ಬೀಳುವುದು. ಆರನೆಯ ಪುಸ್ತಕದವರೆಗೆ ಎಲ್ಲ ಸುಸೂತ್ರ. ಏಳನೆಯದಕ್ಕೆ ಸ್ತಾನೆಯ ಹುಬ್ಬು ಮೇಲೇರಿತು. “ಆ ಪಾದ್ರೀನಾ? ಛೀ!”

“ಸ್ತಾನೆ!!” ಎಂದು ಇಪ್ಪತ್ತು ಗಂಟಲು ಒಟ್ಟಿಗೆ ಕಿರುಚಿದವು.

“ಅಲ್ಲ, ಪಾದ್ರಿ ಆಗಿ ಹಂಗೆ ಮಾಡಬಹುದಾ?”

“ಮುಚ್ಚೋ ಬಾಯಿ!”

ಹದಿನೈದನೆಯ ಪುಸ್ತಕದ ಹೊತ್ತಿಗೆ ಕೇಳುವವರೆಲ್ಲ ಕಿವಿಗೆ ಕೈಗವಸು ಒತ್ತಿ ಹಿಡಿದು ನಿಂತಿದ್ದರು. ಯೆರ್ಚಾ ರಾಗವಾಗಿ “ಲಾ ಲಾ ಲಾ” ಎನ್ನುತ್ತಿದ್ದಳು. ಯಾರೋ ಪೊತಿತ್ಸಾ ಬಿಚ್ಚಿದರು. ಅಕ್ರೋಟು ತುಂಬಿ ಸುತ್ತಿದ ಆ ಸಿಹಿ ರೊಟ್ಟಿಯ ತುಂಡು ಒಬ್ಬರಿಂದೊಬ್ಬರಿಗೆ ದಾಟುವಾಗ ಕೈ ಕಿವಿಯಿಂದ ಇಳಿಯಿತು, ಇನ್ನಿಬ್ಬರು ಕೊಲೆಗಾರರು ಬಯಲಾದರು. ಸಿಟ್ಟಾಗಬೇಕಾದ ಜೇನಿನ ಹೆಂಗಸಿಗೆ ನಗು ಒತ್ತರಿಸಿ ಬಂದು ಬಾಯಲ್ಲಿದ್ದ ಅಕ್ರೋಟು ಸಿರಿಲ್‌ರ ಕೋಟಿನ ಮೇಲೆ ಹಾರಿತು. ವ್ಲಾಸ್ತಾ ಓದುತ್ತ ಓದುತ್ತ ನಗೆ ತಡೆಯಲಾರದೆ ಕಪಾಟಿಗೆ ಒರಗಿಕೊಂಡಳು. ಹೆಣ ಸಿಕ್ಕ ಸಾಲನ್ನು ಮೂರು ಸಲ ಶುರು ಮಾಡಿ ಮೂರು ಸಲವೂ ಅರ್ಧಕ್ಕೇ ನಿಲ್ಲಿಸಿದಳು.

ಎರಡೂವರೆಗೆ ಕಪಾಟು ಖಾಲಿಯಾಯಿತು. ಐವತ್ತೆರಡು ಪುಸ್ತಕ. ಐವತ್ತೆರಡೂ ಬಲಗಡೆ.

ನಗು ನಿಂತಿತು. ಗುರುತು ಅಳಿಸಿದ್ದೇ ತಪ್ಪು ಎಂದು ವ್ಲಾಸ್ತಾ ಇಷ್ಟು ಹೊತ್ತು ಅಂದುಕೊಂಡಿದ್ದಳು. ಈಗ ನೋಡಿದರೆ ಗುರುತು ಇದ್ದಿದ್ದರೂ ಅಷ್ಟೇ. ತೇತಾ ಇಡೀ ಕಪಾಟನ್ನು ತಿಂದು ತೇಗಿದ್ದಳು. ಮುದುಕಿ ತನ್ನ ಖಾಲಿ ಬುಟ್ಟಿಯ ಪಟ್ಟಿಯನ್ನು ಭುಜಕ್ಕೆ ಏರಿಸಿಕೊಳ್ಳತೊಡಗಿದಳು. “ಹೋಗ್ಲಿ ಬಿಡು,” ಎಂದಳು. “ರೇಡಿಯೋ ಇದೆ.”

“ಇತಿಹಾಸ ತಗೊಳ್ಳಿ ತೇತಾ,” ಎಂದಳು ವ್ಲಾಸ್ತಾ.

“ರಾಜರು? ಸತ್ತವರ ಸುದ್ದಿ ನಂಗ್ಯಾಕೆ?”

ಆಗ ವ್ಲಾಸ್ತಾಳ ಗಂಟಲಿನಿಂದ ಹೊರಟದ್ದು ಗ್ರಂಥಪಾಲಕಿಯ ದನಿಯಲ್ಲ. ದಿನಾ ರಾತ್ರಿ ಹಸಿರು ಸೊಪ್ಪಿನ ಸೂಪು ಮುಟ್ಟದ ಮಗನ ಮುಂದೆ ಚಮಚ ಹಿಡಿದು ಬಳಸುವ ದನಿ. “ಸತ್ತಿದ್ದು ಹೇಗೆ ಅಂತ ಕೇಳಿ ಮೊದಲು,” ಎಂದಳು, ಮೆಲ್ಲಗೆ. ಸಿರಿಲ್‌ರ ಕೈಯಿಂದ ದಪ್ಪ ಪುಸ್ತಕವೊಂದನ್ನು ಕಿತ್ತುಕೊಂಡಳು. “ಒಬ್ಬ ಅರಸುಮಗ. ಬೇಟೆಗೆ ಹೋಗ್ತಾನೆ. ಜೊತೆಗೆ ನಲವತ್ತು ಜನ. ಸಂಜೆ ನಲವತ್ತೂ ಜನ ವಾಪಸ್ ಬರ್ತಾರೆ, ಅವನು ಬರಲ್ಲ. ಒಂಬತ್ತನೇ ಪುಟದಲ್ಲಿ ಹೆಣ. ಬೆನ್ನಲ್ಲಿ ಗಾಯ, ಬಾಣ ಇಲ್ಲ. ಐನೂರು ವರ್ಷ ಆಯ್ತು ತೇತಾ. ಇನ್ನೂ ಯಾರೂ ಸಿಕ್ಕಿಬಿದ್ದಿಲ್ಲ.”

ತೇತಾಳ ಕೈ ಪಟ್ಟಿಯ ಮೇಲೇ ನಿಂತಿತು. “ಬಾಣ ಯಾರು ತಗೊಂಡ್ರು?”

“ಅದೇ ಪ್ರಶ್ನೆ!” ಎಂದು ಸಿರಿಲ್ ನುಗ್ಗಿ ಬಂದರು. ಐವತ್ತು ವರ್ಷದಲ್ಲಿ ಅವರ ಪುಸ್ತಕದ ಬಗ್ಗೆ ಯಾರೂ ಪ್ರಶ್ನೆ ಕೇಳಿರಲಿಲ್ಲ, ಮುಖ ಕೆಂಪಾಗಿತ್ತು. “ತಮ್ಮನೇ ಅಂತಾರೆ ಎಲ್ಲರೂ. ನನ್ನ ಕೇಳಿದ್ರೆ ಅಡುಗೆಯವನ ಮೇಲೆ ಕಣ್ಣಿಡು. ಮುನ್ನೂರ ಹನ್ನೆರಡನೇ ಪುಟದ ಅಡಿಟಿಪ್ಪಣಿ...”

“ಹೇಳಬೇಡ! ಒಂದಕ್ಷರ ಹೇಳಿದ್ರೆ ನೋಡು!” ತೇತಾ ಪುಸ್ತಕ ಕಿತ್ತು ಬುಟ್ಟಿಗೆ ಹಾಕಿದಳು. “ಇಂಥವು ಎಷ್ಟಿವೆ?”

“ರಾಜಮನೆತನ ಅಂದ್ರೇನೇ ಕೊಲೆ ಕಣಮ್ಮ. ಹದಿನೆಂಟು ಸಿಗುತ್ತೆ,” ಎಂದರು ಸಿರಿಲ್.

ಯೆರ್ಚಾಗೆ ಇದನ್ನು ಸಹಿಸಲಾಗಲಿಲ್ಲ. ಏಳು ಸಂಪುಟಗಳ ಕಟ್ಟನ್ನು ಎದೆಗವಚಿಕೊಂಡು ಜನರನ್ನು ಸೀಳಿ ಬಂದಳು. “ತೇತಾ, ಕೇಳು. ಇಲ್ಲಿ ಕೊಲೆ ಅಲ್ಲ, ಕಳವು. ಬೆಟ್ಟದೊಳಗೆ ಕೋಟೆ. ಕೋಟೆಯೊಳಗೆ ಲೋಕದ ಕೊನೇ ಡ್ರ್ಯಾಗನ್ ಮೊಟ್ಟೆ. ಏಳು ಬಾಗಿಲು, ಏಳು ಬೀಗ, ಬೆಳಗ್ಗೆ ನೋಡಿದ್ರೆ ಮೊಟ್ಟೆ ಇಲ್ಲ. ಬೀಗ ಒಂದೂ ಒಡೆದಿಲ್ಲ!”

“ಡ್ರ್ಯಾಗನ್ನಾ?” ತೇತಾ ಮೂಗು ಮುರಿದಳು. ಆದರೆ ಮೂಗು ಪೂರ್ತಿ ಮುರಿಯಲಿಲ್ಲ. “ಅನುಮಾನ ಯಾರ ಮೇಲೆ?”

“ಮುನ್ನೂರು ಕುಳ್ಳರು. ಒಬ್ಬ ಮಾಟಗಾರ, ಅವನಿಗೆ ನೆರಳಿಲ್ಲ. ಆಮೇಲೆ ರಾಣಿ, ಅವಳು ಸುಳ್ಳು ಹೇಳಿದಾಗಲೆಲ್ಲ ಕೂದಲು ಬೆಳ್ಳಗಾಗುತ್ತೆ.”

“ಹಾಗಾದ್ರೆ ರಾಣಿ ಅಲ್ಲ. ಅಷ್ಟು ಸಲೀಸಾಗಿ ಬರೆಯಲ್ಲ. ತಾ ಇಲ್ಲಿ.”

“ಏಳೂ ಬೇಡ ತೇತಾ, ನಂಗೆ ಒಂದಾದ್ರೂ...”

“ಕಳ್ಳ ಏಳನೇದರಲ್ಲಿ ಸಿಕ್ಕಿದ್ರೆ ನಾನು ಆರಕ್ಕೆ ನಿಲ್ಲಿಸಲಾ?”

ಕಾಲು ಗಂಟೆಯಲ್ಲಿ ತೇತಾಳ ಬುಟ್ಟಿ ತುಂಬಿ, ಜಾರುಬಂಡಿಯನ್ನು ಎರವಲು ಪಡೆದು ಅದೂ ತುಂಬಿತು. ಅರಸರು ಹದಿನೆಂಟು, ಮಾಯಾಲೋಕದವು ಹನ್ನೆರಡು. ಉಳಿದವನ್ನು ಬೇರೆಯವರು ಆಗಲೇ ಎತ್ತಿಕೊಂಡಿದ್ದರು. ಸಿರಿಲ್ ಮತ್ತು ಯೆರ್ಚಾ ತಮ್ಮ ತಮ್ಮ ಬೋಳು ಕಪಾಟಿನ ಮುಂದೆ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರೂ ಬಾಯಾರೆ ಹೊಗಳಿ ತಮ್ಮ ಚಳಿಗಾಲವನ್ನೇ ದಾನ ಮಾಡಿಬಿಟ್ಟಿದ್ದರು. ಬೇರೆ ದಾರಿಯಿಲ್ಲದೆ ಪತ್ತೇದಾರಿ ಗುಡ್ಡೆಯ ಕಡೆ ಸರಿದರು.

“ಯಾವುದು ಚೆನ್ನಾಗಿದೆ?” ಎಂದು ಸಿರಿಲ್ ಕೇಳಿದ್ದು ವ್ಲಾಸ್ತಾಳನ್ನಲ್ಲ, ಸ್ತಾನೆಯನ್ನು.

ಸ್ತಾನೆ ಗಂಟಲು ಸರಿಮಾಡಿಕೊಂಡ. ಐವತ್ತೆರಡು ಕೊಲೆಗಾರರು ಅವನ ತಲೆಯೊಳಗೆ ತುಂಬಿಕೊಂಡಿದ್ದರು. “ಇದು ತಗೊಳ್ಳಿ,” ಎಂದ ಗಂಭೀರವಾಗಿ. “ನೀವು ಜನ್ಮದಲ್ಲಿ ಊಹಿಸಲ್ಲ. ಇದು ಬೇಡ, ಬರೀ ಮೋಸ. ಯೆರ್ಚಾ, ಇದು ನಿಂಗೆ. ಪಾದ್ರಿದು ಮಾತ್ರ...” ಆ ಪುಸ್ತಕವನ್ನು ತನ್ನ ಸೀಟಿನ ಕೆಳಗೆ ತುರುಕಿದ. “ಇದು ಇರ್ಲಿ. ಯಾಕೆ ಹಂಗೆ ಮಾಡಿದ ಅಂತ ನೋಡಬೇಕು.”

ಮೂರಕ್ಕೆ ಎರಡು ನಿಮಿಷ ಇದೆಯೆನ್ನುವಾಗ ಮೊದಲ ಹಿಮದ ಹರಳು ಗಾಜಿಗೆ ಬಡಿಯಿತು. ವ್ಲಾಸ್ತಾ ಕೊನೆಯ ಪುಸ್ತಕಕ್ಕೆ ಮುದ್ರೆ ಒತ್ತಿದಳು. ಸೊಂಟ ಹಿಡಿದಿತ್ತು, ಗಂಟಲು ಒಡೆದಿತ್ತು, ಕಾಲುಗಳು ಮಾತ್ರ ಕುಣಿಯಬೇಕೆನ್ನುತ್ತಿದ್ದವು. ಬಾಗಿಲು ಮುಚ್ಚಿತು. ಬಸ್ಸು ಡೈರಿಯನ್ನು ಸುತ್ತಿ ಇಳಿಜಾರಿಗೆ ಬಂತು; ಬಂದದ್ದೇ ತಡ ಸ್ತಾನೆ ಬ್ರೇಕ್ ಒತ್ತಿದ.

ರಸ್ತೆಯ ನಟ್ಟನಡುವೆ ರೊಜಾಲಿಯಾ ತೇತಾ ನಿಂತಿದ್ದಳು. ಪಕ್ಕದಲ್ಲಿ ಜಾರುಬಂಡಿ. ಕೈಯಲ್ಲಿ ಅರಸುಮಗನ ಪುಸ್ತಕ. ತಲೆಗವಸಿನ ಮೇಲೆ ಹಿಮ ಬೀಳುತ್ತಿತ್ತು, ಅವಳಿಗೆ ಅದರ ಪರಿವೆಯಿಲ್ಲ.

ಸ್ತಾನೆ ಹಾರನ್ ಒತ್ತಿದ. ವ್ಲಾಸ್ತಾ ಕಿಟಕಿ ಇಳಿಸಿ ತಲೆ ಹೊರಹಾಕಿದಳು. “ತೇತಾ! ಮನೆಗೆ ಹೋಗಿ ಓದಿ! ನಾವು ಇಳೀಬೇಕು!”

ತೇತಾ ಪುಟದಿಂದ ಕಣ್ಣೆತ್ತಲಿಲ್ಲ. ಕೈಗವಸಿನ ಬೆರಳೊಂದನ್ನು ಬಸ್ಸಿನ ಕಡೆ ಎತ್ತಿದಳು.

“ತಾಳೇ ಸ್ವಲ್ಪ,” ಎಂದಳು. “ಈಗಷ್ಟೇ ಹೆಣ ಸಿಕ್ತು.”