ಅಮ್ಮನ ಅಳತೆಕೋಲು

ಒಂದು ಬದಲಾದರೆ ಅದರ ಜೊತೆ ಇನ್ನೊಂದು ಹೇಗೆ ಬದಲಾಗುತ್ತದೆ ಎಂದು ಹೇಳುವ ನಿಯಮವೇ ಫಂಕ್ಷನ್. ಲೆಕ್ಕದ ಮೇಡಂ ಹತ್ತನೇ ತರಗತಿಗೆ ಇಷ್ಟು ಹೇಳಿ, "ಪುಸ್ತಕದ್ದು ಬೇಡ, ನಿಮ್ಮನೆಯಿಂದ ಉದಾಹರಣೆ ತನ್ನಿ" ಎಂದಿದ್ದರು. ಹಿಂದಿನ ಬೆಂಚಿನ ತಲೆಹರಟೆಯೊಬ್ಬ ಅಜ್ಜಿಯ ಗೊರಕೆಯನ್ನು ನಿಮಿಷಕ್ಕಿಷ್ಟು ಎಂದು ಎಣಿಸಿಕೊಂಡು ಬಂದಿದ್ದ. ಪಿಸು ತಂದಿದ್ದು ಒಂದು ಕೋಲು.

ಅವಳ ದನಿ ಎರಡನೇ ಬೆಂಚು ದಾಟಿದ್ದನ್ನು ಯಾರೂ ಕಂಡಿರಲಿಲ್ಲ, ಅದಕ್ಕೇ ಆ ಹೆಸರು. ಅವಳಮ್ಮ ಡೇರಿಯಲ್ಲಿ ಹಾಲಿನ ಟ್ಯಾಂಕು ನೋಡಿಕೊಳ್ಳುವವಳು. ಕೋಲನ್ನು ಟ್ಯಾಂಕಿಗೆ ಇಳಿಬಿಟ್ಟು, ಯಾವ ಗೀಟಿನವರೆಗೆ ಒದ್ದೆಯಾಗಿದೆ ಎಂದು ನೋಡಿ, ಒಳಗೆ ಎಷ್ಟು ಕ್ಯಾನು ಹಾಲಿದೆ ಎಂದು ಹೇಳುತ್ತಿದ್ದಳು. ಮೇಡಂ ಕೋಲನ್ನು ತಿರುಗಿಸಿ ನೋಡಿದರು. ಗೀಟುಗಳು ಕೆಳಗೆ ದೂರ ದೂರ, ನಡುವೆ ಒತ್ತೊತ್ತಾಗಿ, ಮೇಲೆ ಮತ್ತೆ ದೂರ ದೂರ.

"ಇದು ಬರೀ ಅಂದಾಜು ಕಣಮ್ಮ. ಗೀಟಿಗೊಂದು ಕ್ಯಾನು ಅಂದ್ಮೇಲೆ ಗೀಟೂ ಸಮಸಮ ಇರ್ಬೇಕಲ್ವಾ?" ಎಂದು ಮೇಡಂ ಕಡ್ಡಿ ಮುರಿದಂತೆ ಹೇಳಿದರು.

ತರಗತಿ ಗೊಳ್ಳೆಂದು ನಕ್ಕಿತು. ಮಾರನೆಯ ದಿನ, ಮುಂದಿನ ವರ್ಷಕ್ಕೆ ಗಣಿತ ಬೇಡವೆಂಬ ಪಿಸುವಿನ ಫಾರ್ಮು ಅಮ್ಮನ ಸಹಿಯೊಂದಿಗೆ ಮೇಡಂ ಮೇಜಿನ ಮೇಲಿತ್ತು. ಸೋಮವಾರ ಸಂಜೆ ಅದು ಆಫೀಸು ಸೇರಿದರೆ ಮುಗಿಯಿತು, ಮತ್ತೆ ಬದಲಾಯಿಸುವಂತಿಲ್ಲ.

ಭಾನುವಾರ ಅಡುಗೆಮನೆಯ ಕಟ್ಟೆಯ ಮೇಲೆ ಅರ್ಧ ನೀರಿದ್ದ ಬಾಟಲಿಯೊಂದು ಅಡ್ಡ ಬಿದ್ದಿತ್ತು. ಎತ್ತಲು ಹೋದ ಮೇಡಂ, ಬಾಟಲಿಯ ನಡುವೆ ಅಗಲವಾಗಿ ಹರಡಿದ್ದ ನೀರನ್ನು ನೋಡಿ ಅಲ್ಲೇ ನಿಂತರು. ಡೇರಿಯ ಟ್ಯಾಂಕು ನಿಂತಿದೆಯೋ ಮಲಗಿದೆಯೋ ಎಂದು ತಾನು ಕೇಳಿರಲೇ ಇಲ್ಲ! ಇಪ್ಪತ್ತೆರಡು ವರ್ಷ ಪಾಠ ಮಾಡಿದವರು ನಾಲಿಗೆ ಕಚ್ಚಿಕೊಂಡರು.

ಸೋಮವಾರ ಅವರು, ಟ್ಯಾಂಕು ಮಲಗಿದ್ದೇ ಎಂದು ಪಿಸುವಿನಿಂದ ಕೇಳಿ ತಿಳಿದು, ಗಾಜಿನಂಥ ಉದ್ದನೆಯ ದುಂಡು ಪ್ಲಾಸ್ಟಿಕ್ ಡಬ್ಬಿಯನ್ನು ಮೇಜಿನ ಮೇಲೆ ಮಲಗಿಸಿ, ಉರುಳದಂತೆ ಎರಡೂ ಕಡೆ ಡಸ್ಟರ್ ಕೊಟ್ಟರು. ಮೇಲೆ ಕೊರೆದ ತೂತಿನಿಂದ ಪಿಸು ಲೋಟ ಲೋಟವಾಗಿ ನೀರು ಸುರಿದಳು. ತಲೆಹರಟೆ ಪ್ರತಿ ಲೋಟಕ್ಕೂ ಡಬ್ಬಿಯ ಮೇಲೆ ಗೀಟು ಹಾಕಿದ. ಮೊದಲ ಲೋಟಕ್ಕೆ ನೀರು ಸರ್ರನೆ ಏರಿತು. ಡಬ್ಬಿಯ ಹೊಟ್ಟೆ ಅಗಲವಾದ ಕಡೆ ಏರಲೋ ಬೇಡವೋ ಎಂದು ನಿಧಾನಿಸಿತು. ಮೇಲೆ ಮತ್ತೆ ಸರ್ರನೆ.

ನಗುತ್ತಿದ್ದವರು ಕಣ್ಣು ಕಣ್ಣು ಬಿಟ್ಟರು. ಪಿಸು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ ಕೋಲಿನ ಗೀಟುಗಳನ್ನು ಡಬ್ಬಿಯ ಅಳತೆಗೆ ಇಳಿಸಿ ಬೋರ್ಡಿನ ಮೇಲೆ ಗುರುತಿಸಿದಾಗ ಎರಡೂ ಒಂದೇ ಬಾಗಿದ ಗೆರೆಯ ಮೇಲೆ ಕೂತವು. ಸೂತ್ರದ ಗಂಧವಿಲ್ಲದ ಒಬ್ಬ ಹೆಂಗಸು ಈ ಗೆರೆಯನ್ನು ಒಂದು ಕೋಲಿನ ಮೇಲೆ ಇಳಿಸಿಟ್ಟಿದ್ದಳು.

"ನಿಮ್ಮಮ್ಮ ಸರಿ, ನಾನು ತಪ್ಪು. ಅವರು ಇದನ್ನ ಹೇಗೆ ಮಾಡಿದ್ರು?"

"ಒಂದೊಂದೇ ಕ್ಯಾನ್ ನೀರು ಸುರ್ದು, ಒಂದೊಂದೇ ಗೀಟು ಹಾಕಿದ್ರು ಮೇಡಂ. ನಲವತ್ತು ಕ್ಯಾನು."

"ನಾನು ಅಂದಾಜು ಅಂದಿದ್ದು ಗೊತ್ತಾ ಅವರಿಗೆ?"

"ಇಲ್ಲ ಮೇಡಂ. ನಂಗೆ ಹೇಳೋಕೆ ಬಾಯಿ ಬರ್ಲಿಲ್ಲ. ಲೆಕ್ಕ ಕಷ್ಟ ಅಂತ ಹೇಳಿ ಸಹಿ ಹಾಕಿಸ್ಕೊಂಡೆ."

ಪಿಸು ಬೋರ್ಡಿನಿಂದ ಕಣ್ಣು ಕೀಳದೆ ಕೇಳಿದಳು. "ಈ ಗೆರೆಗೆ ಸೂತ್ರ ಇದೆಯಾ ಮೇಡಂ?"

"ಇದೆ. ಅದಕ್ಕೆ ಬೇಕಾದ ಪಾಠ ಮುಂದಿನ ವರ್ಷ ಬರುತ್ತೆ."

"ಹಾಗಾದ್ರೆ ನನ್ನ ಫಾರ್ಮು ಕೊಡಿ!"

ಕೊನೆಯ ಬೆಂಚಿನವರೂ ತಲೆ ಎತ್ತಿ ನೋಡಿದರು. ಪಿಸು ಫಾರ್ಮನ್ನು ಮಗುಚಿ, ಖಾಲಿ ಬದಿಯಲ್ಲಿ ಆ ಗೆರೆಯನ್ನು ನಿಧಾನವಾಗಿ ಬರೆದು, ಕೆಳಗೆ ಅಮ್ಮನ ಹೆಸರು ಹಾಕಿದಳು. ಮೇಡಂ ಕೆಂಪು ಪೆನ್ನು ತೆಗೆದು ಅದರ ಪಕ್ಕ ಸರಿ ಗುರುತು ಹಾಕಿದರು.