ಶಾಂತಪ್ಪ ಇಲ್ಲಿ ಸತ್ತಿಲ್ಲ

“ಬಾಯಿ ಮುಚ್ಚೇ ಮುಂಡೇದೇ! ಮೇಲೆ ದಿಲ್ಲಿಯವರು ಚಾ ಕುಡೀತಾ ಇದ್ದಾರೆ. ನಿನ್ನ ಬೊಬ್ಬೆ ಅಲ್ಲಿವರೆಗೆ ಕೇಳ್ತದೆ.”

ಹಾಗಂತ ತಿಲಕ್ ಮಲ್ಲವ್ವನ ಬಾಯಿಗೆ ನೆಲ ಒರೆಸುವ ಬಟ್ಟೆ ಒತ್ತಿ ಹಿಡಿದಿದ್ದ. ಮೆಟ್ಟಿಲ ಕೆಳಗಿನ ಪೊರಕೆ ಇಡುವ ಕೋಣೆ ಅದು. ಹೊರಗೆ ಹಿತ್ತಲ ಗೋಡೆಯ ಹತ್ತಿರ ಅವಳ ಗಂಡ ಶಾಂತಪ್ಪನನ್ನು ಆಗತಾನೇ ಗಟರಿನಿಂದ ಎಳೆದು ಮಲಗಿಸಿದ್ದರು. ಅವನು ಉಸಿರಾಡುತ್ತಿರಲಿಲ್ಲ.

“ಕೈ ತಗೀಯೋ ಭಾಡ್ಯಾ, ಉಸಿರು ಕಟ್ಟಿ ಆಕೀನೂ ಸಾಯತಾಳ!” ಎಂದು ನಾನು ಅವನ ತೋಳು ಜಗ್ಗಿದೆ.

ತಿಲಕ್ ಮಂಗಳೂರು ಕಡೆಯವನು, ಕಂತ್ರಾಟುದಾರನ ಸೂಪರ್‌ವೈಸರ್. ಅವನು ಬಟ್ಟೆ ಬಿಸಾಕಿ, ಹೊರಗಿನಿಂದ ಚಿಲಕ ಹಾಕಿಕೊಂಡು ಹೋದ. ನಾವು ಬಾಗಿಲು ಬಡಿಯುವಷ್ಟರಲ್ಲಿ ರಿಕ್ಷಾ ಸದ್ದು ಕೇಳಿಸಿತು. ಶಾಂತಪ್ಪ ಅದರಲ್ಲಿ ಹೆಣವಾಗಿ ಹಿಂದಿನ ಗೇಟಿನಿಂದ ಹೋಗಿಬಿಟ್ಟ.

ನಾನು ಕಾಶವ್ವ. ಮುಂಬಯಿ ಪಾರ್ಲೆಯ ಈ ಕಾಲೇಜಿನಲ್ಲಿ ಕಸ ಗುಡಿಸುವವರಲ್ಲಿ ಒಬ್ಬಳು. ನಾನು, ಮಲ್ಲವ್ವ, ಹನುಮವ್ವ ಮೂವರೂ ಇಂಡಿ ತಾಲೂಕಿನ ಒಂದೇ ಕೇರಿಯವರು. ಇಲ್ಲಿ ಕಾಂದಿವಲಿಯ ಒಂದೇ ಚಾಳಿನಲ್ಲಿದ್ದು, ಬೆಳಗಿನ ಲೋಕಲ್‌ನಲ್ಲಿ ಜೋತುಬಿದ್ದು ಬರುತ್ತೇವೆ. ಇಲ್ಲಿ ಕಲಾ ವಿಭಾಗ, ವಿಜ್ಞಾನ ವಿಭಾಗ ಅಂತ ಎರಡು ಬಿಲ್ಡಿಂಗ್. ಎರಡರ ಹೇಲೂ ಹಿತ್ತಲಿನ ಒಂದೇ ಗಟರಿಗೆ ಬೀಳುತ್ತದೆ. ಅದು ಕಟ್ಟಿದಾಗಲೆಲ್ಲ ಶಾಂತಪ್ಪ ಇಳಿಯುತ್ತಿದ್ದ. ಮನುಷ್ಯನನ್ನು ಇಳಿಸಬಾರದು ಅಂತ ಕಾಯ್ದೆ ಇದೆಯಂತೆ. ಇರಲಿ ಬಿಡಿ, ಕಾಯ್ದೆಯೇನು ಇಳಿದು ತೆಗೆಯುತ್ತದೆಯೇ!

ಆ ಕೆಲಸಕ್ಕೂ ಒಂದು ರೀತಿ ಇದೆ. ಹಿಂದಿನ ದಿನವೇ ಅತ್ತಿತ್ತಲಿನ ಮುಚ್ಚಳ ತೆಗೆದಿಟ್ಟು ಗಾಳಿಯಾಡಲು ಬಿಡಬೇಕು. ಜಿರಲೆ ಜೀವಂತ ಹರಿದಾಡುವುದು ಕಂಡರೆ ಮಾತ್ರ ಕಾಲಿಡಬೇಕು. ಆ ಸಲ ಕಾಲೇಜು ನೋಡಿ ನಂಬರು ಕೊಡಲು ದಿಲ್ಲಿಯ ಕಮಿಟಿ ಬರುವುದಿತ್ತು. ಶಾಂತಪ್ಪ ಮುಚ್ಚಳಕ್ಕೆ ಕೈ ಹಾಕಿದರೆ ತಿಲಕ್ ಬಿಡಲಿಲ್ಲ.

“ಈಗಲೇ ತೆಗೆದಿಟ್ರೆ ಇಡೀ ಕಾಲೇಜು ನಾರ್ತದಲ್ಲ ಮಾರಾಯ! ನಾಳೆ ಬೆಳಿಗ್ಗೆ ತೆಗಿ, ಇಳಿ, ಮುಚ್ಚು. ಹತ್ತು ನಿಮಿಷದ ಕೆಲಸಕ್ಕೆ ಎಂತದು ನಿನ್ನ ಪುರಾಣ?”

“ವಿಷಾ ಇರತದರಿ ಸಾಹೇಬ್ರ. ಒಂದ್ ರಾತ್ರಿ ಬಿಡ್ರಿ,” ಎಂದು ಶಾಂತಪ್ಪ ಕೈ ಮುಗಿದ. ನಾನು ಅಲ್ಲೇ ನಿಂತಿದ್ದೆ, ಮಲ್ಲವ್ವನೂ ಇದ್ದಳು.

“ಆಗದಿದ್ರೆ ಹೇಳು. ಬೇರೆ ಜನ ಬೇಕಾದಷ್ಟು ಸಿಗ್ತಾರೆ. ನಾಳೆಯಿಂದ ಗಂಡ ಹೆಂಡ್ತಿ ಇಬ್ರೂ ಮನೆಯಲ್ಲಿ ಕೂತ್ಕೊಳ್ಳಿ.”

ಮಾರನೆಯ ಬೆಳಿಗ್ಗೆ ಮುಚ್ಚಳ ತೆಗೆದರು, ಅವನು ಇಳಿದ. ಆಮೇಲಿನದು ಹೇಳಿದೆನಲ್ಲ.

ಆಸ್ಪತ್ರೆಯಲ್ಲಿ ತಿಲಕ್ ‘ಕುಡಿದು ರಸ್ತೆಯಲ್ಲಿ ಬಿದ್ದಿದ್ದ’ ಎಂದು ಬರೆಸಿದ್ದ. ಶಾಂತಪ್ಪ ಹನಿ ಸೆರೆ ಮುಟ್ಟಿದವನಲ್ಲ. ಹೆಣವನ್ನು ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆಯಲ್ಲಿ ಬಿಗಿದು ಕೊಟ್ಟರು. ಮುಖದ ಬಟ್ಟೆ ತೆಗೆಯಿರಿ ಎಂದು ಮಲ್ಲವ್ವ ಬಡಿದುಕೊಂಡರೂ ಕಂತ್ರಾಟುದಾರನ ಜನ ಕೇಳಲಿಲ್ಲ. ಸ್ಮಶಾನದ ಕರೆಂಟಿನ ಒಲೆಗೆ ನೂಕಿ ಕೈ ತೊಳೆದುಕೊಂಡರು. ನಾವು ಹೂಳುವ ಜನ. ಅವನಿಗೆ ಮೂರು ಮೊಳ ಮಣ್ಣೂ ಸಿಗಲಿಲ್ಲ.

ನಮ್ಮ ಕಡೆ ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹೆಂಗಸರು ಮುಂದೆ ಕೂತು, ಒಬ್ಬರ ಕೊರಳು ಒಬ್ಬರು ಹಿಡಿದು, ಅವರು ಬಾಳಿದ್ದನ್ನು, ದುಡಿದದ್ದನ್ನು ಹೇಳಿ ಹೇಳಿ ಹಾಡುತ್ತಾ ಅಳುತ್ತಾರೆ. ಹಾಡ್ಯಾಡಿ ಅಳುವುದು ಎನ್ನುತ್ತೇವೆ. ಮುಖದ ಮುಂದೆ ಹಾಗೆ ಅಳದಿದ್ದರೆ ಹೋದವನು ಹೋಗುವುದಿಲ್ಲ, ಸತ್ತ ಜಾಗದಲ್ಲೇ ಕೂತಿರುತ್ತಾನೆ.

ಮಲ್ಲವ್ವ ಒಂದು ಹನಿಯೂ ಅಳಲಿಲ್ಲ. ಹೊಟ್ಟೆ ಬೇಕಲ್ಲ, ಕೆಲಸಕ್ಕೆ ಮರಳಿದಳು. ಹಿತ್ತಲಿಗೆ ಹೋದಾಗಲೆಲ್ಲ ಗಟರಿನ ಮುಚ್ಚಳದ ಮುಂದೆ ನಿಂತುಬಿಡುತ್ತಿದ್ದಳು.

“ಕಾಶಕ್ಕಾ, ಅಂವ ಇನ್ನೂ ಕೆಳಗೇ ಕುಂತಾನ ಅನಸ್ತದ. ನನ್ನ ದಾರಿ ನೋಡಾಕತ್ತಾನ,” ಎಂದಳು ಒಂದು ದಿನ. ಅವಳ ಕೈ ಹಿಡಿದು ಸೀದಾ ಪ್ರಿನ್ಸಿಪಾಲರ ಕೋಣೆಗೆ ಹೋದೆ.

ಪ್ರಿನ್ಸಿಪಾಲ್ ಅನುರಾಧಾ ಮೇಡಂ ಕುರ್ಚಿ ತೋರಿಸಲಿಲ್ಲ. ಆದರೆ ದನಿ ಮಾತ್ರ ಬೆಣ್ಣೆ.

“ಬಾ ಮಲ್ಲವ್ವ. ನಾನೂ ಧಾರವಾಡದಾಕೀನೇ. ನಿನ್ನ ಸಂಕಟ ನನಗ ತಿಳೀತದ.”

“ಮತ್ತೇನೂ ಕೇಳಂಗಿಲ್ರಿ ಅವ್ವಾರ. ಆ ಮುಚ್ಚಳದ ಮುಂದ ಒಂದ್ ಘಳಿಗಿ ಕುಂದರಾಕ ಬಿಡ್ರಿ. ಹಾಡ್ಯಾಡಿ ಅತ್ತು ಅವನ್ನ ಕಳಿಸಿ ಬರತೀನಿ.”

“ಹುಡುಗರ ಪರೀಕ್ಷಾ ನಡದಾವು. ಗದ್ಲಾ ಆಗತದ.”

“ಹಂಗಾರ ಆಯ್ತವಾರ ಬರತೀವ್ರಿ, ಕಾಲೇಜ ಸೂಟಿ ಇದ್ದಾಗ,” ಎಂದೆ ನಾನು.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. “ನೋಡ್ರಿ, ಮನ್ಯಾಗ ಬೇಕಾದಷ್ಟು ಅಳ್ರಿ, ಯಾರೂ ಬ್ಯಾಡನ್ನೂದಿಲ್ಲ. ಇಲ್ಲಿ ಯಾಕ? ಶಾಂತಪ್ಪ ಇಲ್ಲಿ ಸತ್ತೇ ಇಲ್ಲಲ್ಲಾ.”

ಮಲ್ಲವ್ವ ಹೊರಗೆ ಬಂದು ಪೊರಕೆ ಹಿಡಿದಳು. ನಾನು ಮಾತ್ರ ದಿನವಿಡೀ ಆ ಬೆಣ್ಣೆ ಬಾಯಿಗೆ ಮಣ್ಣು ಹಾಕ ಎಂದು ಶಪಿಸುತ್ತಲೇ ಇದ್ದೆ.

ಪರೀಕ್ಷೆ ಅಂದಿದ್ದ ಆ ವಾರವೇ ವರ್ಷದ ಸಾಧನೆಯ ಸಮಾರಂಭ. ದಿಲ್ಲಿಯವರು ಮೇಲಿನ ನಂಬರು ಕೊಟ್ಟಿದ್ದರಂತೆ. ಅದಕ್ಕೇ ಈ ಸಲ ಹೂವಿನ ಹಾರಗಳೂ ಹೆಚ್ಚು, ಗುಡಿಸಬೇಕಾದ ಎಸಳುಗಳೂ ಹೆಚ್ಚು. ಚಾ ಕಪ್ಪು ಎತ್ತಲು ನಮ್ಮನ್ನು ದೊಡ್ಡ ಹಾಲ್‌ನ ಹಿಂಬಾಗಿಲಲ್ಲಿ ನಿಲ್ಲಿಸಿದ್ದರು. ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಪರದೆ. ಮೇಡಂ ಮೈಕಿನಲ್ಲಿ ಒಂದೊಂದೇ ಸುದ್ದಿ ಓದುವುದು, ಪರದೆಯ ಮೇಲೆ ಫೋಟೋ ಬರುವುದು, ಜನ ಚಪ್ಪಾಳೆ ತಟ್ಟುವುದು. ಗಣಿತದಲ್ಲಿ ಒಬ್ಬನಿಗೆ ಚಿನ್ನದ ಪದಕ. ಭೌತಶಾಸ್ತ್ರದ ಹುಡುಗಿಯೊಬ್ಬಳು ಜರ್ಮನಿಗೆ ಹೊರಟಿದ್ದಾಳೆ. ಗಿಡಗಳ ಪಾಠ ಮಾಡುವ ಮಾಸ್ತರರು ಹೊಸದೊಂದು ಪಾಚಿ ಕಂಡುಹಿಡಿದಿದ್ದಾರೆ. ಸ್ವಚ್ಛ ಕಾಲೇಜು ಅಂತ ಒಂದು ಬಹುಮಾನ. ಹನುಮವ್ವ ನನ್ನ ಪಕ್ಕೆಗೆ ತಿವಿದು, “ಇದು ನಮ್ಮದಽ ನೋಡವಾ,” ಎಂದಳು. ನಗು ಬರಲಿಲ್ಲ.

ಆಮೇಲೆ ಸಮಾಜಶಾಸ್ತ್ರದ ನಿಶ್ಮಿತಾ ಎಂಬ ಹುಡುಗಿಯ ಹೆಸರು ಕೂಗಿದರು. ದುಡಿಯುವ ಜನರ ಬದುಕಿನ ಬಗ್ಗೆ ಅವಳು ಬರೆದ ಪ್ರಬಂಧ ಇಡೀ ದೇಶಕ್ಕೆ ಮೊದಲು ಬಂದಿತ್ತು. ಬೇಸಿಗೆಯಲ್ಲಿ ನಮ್ಮನ್ನೆಲ್ಲ ಮಾತಾಡಿಸಿ ಹೋಗಿದ್ದಳು. ಪದಕ ಕೊರಳಿಗೆ ಬಿತ್ತು. ಪರದೆಯ ತುಂಬ ಶಾಂತಪ್ಪ ಬಂದ.

ಗಟರಿನಿಂದ ಅರ್ಧ ಮೇಲೆ ಬಂದು, ಮುಚ್ಚಳದ ಅಂಚಿಗೆ ಮೊಳಕೈ ಊರಿ ನಗುತ್ತಿದ್ದ. ಗಲ್ಲಕ್ಕೆ ಕೆಸರು ಮೆತ್ತಿತ್ತು.

“ಯೇ ಅಂಕಲ್ ಹಮಾರೇ ಕಾಲೇಜ್ ಮೇ ಹೀ ಕಾಮ್ ಕರ್ತೇ ಹೈಂ,” ಎಂದಳು ನಿಶ್ಮಿತಾ ಮೈಕಿನಲ್ಲಿ, ಖುಷಿಯಿಂದ. ಅವನು ಇನ್ನೂ ಇಲ್ಲೇ ದುಡಿಯುತ್ತಿದ್ದಾನೆ ಅಂದುಕೊಂಡಿದ್ದ ಆ ಮಗುವಿಗೆ ಸತ್ತ ಸುದ್ದಿ ಯಾರೂ ಹೇಳಿರಲಿಲ್ಲ.

ನನ್ನ ಪಕ್ಕದಲ್ಲಿ ಮಲ್ಲವ್ವ ಇರಲಿಲ್ಲ. ಕುರ್ಚಿಗಳ ನಡುವಿನ ಹಾದಿಯಲ್ಲಿ ನಡೆಯುತ್ತಿದ್ದಳು. “ಏ ಎಲ್ಲಿಗೆ?” ಎಂದು ತಿಲಕ್ ಹಲ್ಲು ಕಡಿದ. ಅವಳು ವೇದಿಕೆಯ ಮುಂದೆ ನೆಲಕ್ಕೆ ಕೂತಳು. ಸೆರಗು ಬಿಚ್ಚಿ ಹಾಸಿ, ಪರದೆಯ ಮೇಲಿನ ಮುಖ ನೋಡುತ್ತಾ ದನಿ ತೆಗೆದಳು.

“ಎಲ್ಲಿಗಿ ಹೋದ್ಯೋ ನನ್ನ ದೊರಿಯೇ…
ಮುಚ್ಚಳಾ ತಗೀರಂತ ಕೈಯ ಮುಗದ್ಯಲ್ಲೋ,
ನಾತಾ ಬರತದಂತ ತಗಿಗೊಡಲಿಲ್ಲಲ್ಲೋ ನನ್ನ ದೊರಿಯೇ…
ಮೂರು ಮಾಳಿಗಿಗಿ ನೀರ ಹರಿಯ ಬಿಟ್ಟ್ಯಲ್ಲೋ,
ನಿನ್ನ ಬಾಯಾಗ ಗುಟುಕು ನೀರ ಬಿಡವರಿಲ್ಲಲ್ಲೋ…
ಹಿತ್ತಲ ಬಾಗಲಿಂದ ಕಳ್ಳರಂಗ ಒಯ್ದರಲ್ಲೋ ನನ್ನ ದೊರಿಯೇ…”

ಎಷ್ಟೋ ದಿನದಿಂದ ಒಳಗೆ ಕಟ್ಟಿಕೊಂಡದ್ದು ಅದು, ಕೇಳಿದರೆ ಕಲ್ಲೂ ಕರಗಬೇಕು. ಮುಖ್ಯ ಅತಿಥಿಗಳು ಮೇಡಂ ಕಡೆ ಬಗ್ಗಿ, ಇದೇನು ಹಾಡುತ್ತಿದ್ದಾಳೆ ಎಂದು ಹಿಂದಿಯಲ್ಲಿ ಕೇಳಿದರು. ಅಷ್ಟು ದೊಡ್ಡ ಹಾಲ್‌ನಲ್ಲಿ ನಮ್ಮನ್ನು ಬಿಟ್ಟರೆ ಆ ಒಂದೊಂದು ಮಾತೂ ತಿಳಿದದ್ದು ಮೇಡಂಗೆ, ತಿಲಕ್‌ಗೆ. ಮೇಡಂ ತುಟಿ ಒದ್ದೆ ಮಾಡಿಕೊಂಡರು.

“ಲೋಕಗೀತ್ ಹೈ, ಸರ್. ಹಮಾರೇ ಕರ್ನಾಟಕ ಕಾ,” ಎಂದರು. ಜನಪದ ಹಾಡಂತೆ! ಮೈಕು ಚಾಲೂ ಇತ್ತು.

ಅತಿಥಿಗಳು ಮೆಚ್ಚಿ ಚಪ್ಪಾಳೆ ತಟ್ಟಿದರು. ಅವರ ಹಿಂದೆ ಇಡೀ ಹಾಲ್ ತಟ್ಟಿತು. ಹುಡುಗರು ಮೊಬೈಲ್ ಎತ್ತಿ ಹಿಡಿದರು. ಮಲ್ಲವ್ವ ಎದೆ ಬಡಿದುಕೊಂಡಷ್ಟೂ ಕೆಲವರು ತಾಳ ಹಾಕಿದರು.

ಥೂ! ನನ್ನ ಕೈಯಲ್ಲಿದ್ದ ಕಪ್ಪುಗಳ ಟ್ರೇ ಬಿಟ್ಟೆ. ಓಡಿ ವೇದಿಕೆ ಹತ್ತಿ ಮೈಕಿಗೆ ಬಾಯಿ ಹಚ್ಚಿದೆ.

“ಗಾನಾ ನಹೀ ಹೈ ಸಾಬ್! ಮಯ್ಯತ್ ಹೈ! ಇಸ್ಕಾ ಆದ್ಮೀ ಹೈ ವೋ. ಮರ್ ಗಯಾ. ಇದರೀಚ್ ಮರ್ ಗಯಾ, ತುಮ್ಹಾರೇ ಗಟರ್ ಮೇ!”

ಹಾಡಲ್ಲ, ಸಾವಿದು, ಇವಳ ಗಂಡ ಇಲ್ಲೇ ನಿಮ್ಮ ಗಟರಿನಲ್ಲಿ ಸತ್ತ ಅಂದದ್ದು ತಿಳಿದೊಡನೆ ಚಪ್ಪಾಳೆ ನಿಂತಿತು. ನಿಶ್ಮಿತಾ ಪರದೆಯತ್ತ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದಳು. ತಿಲಕ್ ಮೂಲೆಯಲ್ಲಿದ್ದ ಹುಡುಗನಿಗೆ ಕೈಸನ್ನೆ ಮಾಡಿದ. ಶಾಂತಪ್ಪ ಮರೆಯಾಗಿ, ಗೆದ್ದ ಕಪ್ಪು ಹಿಡಿದ ಕ್ರಿಕೆಟ್ ತಂಡ ಬಂತು. ಮಲ್ಲವ್ವ ಹಾಡು ನಿಲ್ಲಿಸಲಿಲ್ಲ.

ಮೇಡಂ ಮೈಕಿಗೆ ಅಂಗೈ ಮುಚ್ಚಿ, ನನಗೆ ಮಾತ್ರ ಕೇಳುವಂತೆ ಧಾರವಾಡದ ಕನ್ನಡದಲ್ಲಿ ಅಂದರು: “ನಾಳೆಯಿಂದ ಮೂವರೂ ಬರಬ್ಯಾಡ್ರಿ. ಈಗ ಎಬ್ಬಿಸಿಕೊಂಡು ನಡೀರಿ.”

“ನಾಳೆ ಬರಂಗಿಲ್ರಿ ಮೇಡಂ,” ಎಂದೆ. “ಆದ್ರ ಹೆಣದ ಮುಂದಿಂದ ನಡುವ ಎದ್ದು ಹೋಗಬಾರದ್ರಿ. ಮುಗಿಸೇ ಹೋಗತೀವಿ.”

ವೇದಿಕೆ ಇಳಿದೆ. ಹನುಮವ್ವ ಆಗಲೇ ಬಂದು ಕೂತಿದ್ದಳು. ನಾನು ಮಲ್ಲವ್ವನ ಇನ್ನೊಂದು ಪಕ್ಕಕ್ಕೆ ಕೂತು, ಅವಳ ಕೊರಳು ಹಿಡಿದು, ಮುಂದಿನ ನುಡಿ ಎತ್ತಿಕೊಂಡೆ.