ನೀರಿನ ಮಗ್ಗ

ಯಾತ್ರೆಗೆ ಬಂದವರೆಲ್ಲ ಪುಣ್ಯ ಕಟ್ಟಿಕೊಳ್ಳಲು ಬಂದಿದ್ದರೆ, ಮೇಸ್ತ್ರಿಯ ಹೆಂಡತಿ ಬಂದದ್ದು ಗಂಡನ ಬಾಯಿಂದ ನಾಲ್ಕು ಮಾತು ಹೊರಡಿಸಲು. ಜೀವಮಾನವೆಲ್ಲ ಬಟ್ಟೆ ಮಿಲ್ಲಿನಲ್ಲಿ ದುಡಿದ ಮೇಸ್ತ್ರಿಯ ಕಿವಿಯನ್ನು ಮಗ್ಗಗಳು ತಿಂದುಹಾಕಿದ್ದವು. ಒಂದೇ ಸಲಕ್ಕಲ್ಲ, ಇಲಿ ಮೂಟೆ ಕೊರೆದ ಹಾಗೆ, ದಿನಾ ಚೂರುಚೂರು. ಮನೆಮಂದಿಯೆಲ್ಲ ಪಕ್ಕದಲ್ಲಿ ಕೂತು ಕಿವಿಗೆ ಬಾಯಿಟ್ಟು ಕೂಗುವರು; ಅವನು "ಹೂಂ" ಎನ್ನುವನು. ಬರಬರುತ್ತ ಆ ಹೂಂ ಕೂಡ ನಿಂತುಹೋಯಿತು. ಒಂದೇ ಸೂರಿನಡಿ ಇದ್ದೂ ಗಂಡನ ಮಾತಿಗೆ ಹಸಿದಿದ್ದಳು ಪಾಪ. ಹಿಮದ ಬೆಟ್ಟಗಳ ಸೀಮೆಯಲ್ಲಿ, ಹೊಳೆಯ ದಂಡೆಯ ಗುಡಿಗಳಲ್ಲಾದರೂ ದೇವರು ಕಣ್ಣು ಬಿಟ್ಟಾನು, ಇವರು ಬಾಯಿ ಬಿಟ್ಟಾರು ಎಂದುಕೊಂಡು ತಂಗಿಯನ್ನೂ ಕರೆದುಕೊಂಡು ಹೊರಟಿದ್ದಳು.

ಮೊದಲನೇ ಗುಡಿಯಲ್ಲೇ ಎಡವಟ್ಟಾಯಿತು. ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದರು, ಸೂಜಿ ಬಿದ್ದರೂ ಕೇಳಿಸುವಂಥ ಮೌನ. ಮೇಸ್ತ್ರಿ ಪಿಸುಗುಟ್ಟುತ್ತಿದ್ದೇನೆ ಎಂದೇ ನಂಬಿ, ಮಿಲ್ಲಿನ ಗಂಟಲಲ್ಲಿ ಕೇಳಿದ: "ಪೂಜಾರಪ್ಪಂಗೆ ನಿದ್ದೆ ಬಂತೇನೇ?"

ಗುಡಿಯೆಲ್ಲ ನಕ್ಕಿತು. ಕಂಬದ ಪಕ್ಕದವನೊಬ್ಬ ತನ್ನ ಹೆಂಡತಿಗೆ ಮೆಲ್ಲಗೆ, "ಕಿವುಡನಿಗೆ ಯಾತ್ರೆ ಬೇರೆ ಕೇಡು" ಅಂದ. ಅಷ್ಟು ದೂರದಿಂದ ಆ ಮಾತು ಮೇಸ್ತ್ರಿಗೆ ಹೇಗೆ ತಿಳಿಯಿತೋ, ಮುಖ ಕಪ್ಪಿಟ್ಟಿತು. ವಸತಿಗೃಹದ ಕೋಣೆಗೆ ಬಂದವನೇ ಮಂಚದ ಸರಳಿಗೆ ಒದ್ದೆ ಟವಲು ಹರವಿ, ಗೋಡೆಯ ಕಡೆ ತಿರುಗಿ ಮಲಗಿದ.

"ಇನ್ನು ಊರು ಸೇರೋವರೆಗೂ ನಾನು ಬಾಯಿ ಬಿಚ್ಚಲ್ಲ," ಅಂದ.

ಎರಡನೇ ಗುಡಿ ಆಯಿತು. ಹೇಳಿದ ಮಾತಿಗೆ ತಪ್ಪುವ ಆಸಾಮಿಯಲ್ಲ, ಮೂಗು ಹಿಡಿದರೂ ಬಾಯಿ ತೆರೆಯಲಿಲ್ಲ. ಹೆಂಡತಿಗೆ ಕೈ ಸುಟ್ಟುಕೊಂಡಂತಾಯಿತು. ಇದ್ದ ಒಂದಿಷ್ಟು ಮಾತನ್ನೂ ತಾನೇ ಇಲ್ಲಿಗೆ ಕರೆತಂದು ಕಳೆದೆನಲ್ಲ ಎಂದು ಹಲುಬಿಕೊಂಡಳು.

ಉಳಿದದ್ದು ಕೊನೆಯ ಗುಡಿ, ಹೊಳೆ ಬೆಟ್ಟದಿಂದ ಇಳಿದು ಬರುವಲ್ಲಿ. ಏದುಸಿರು ಬಿಡುತ್ತ ಹತ್ತಿ, ಬಂಡೆಯ ತಿರುವು ದಾಟಿದ್ದೇ ತಡ, ಅವಳ ಕಾಲುಗಳು ತಾವಾಗಿ ನಿಂತುಬಿಟ್ಟವು. ತಲೆಯೆತ್ತಿದಷ್ಟೂ ಹಿಮ. ಕತ್ತು ನೋಯುವವರೆಗೆ ನೋಡಿದರೂ ಶಿಖರ ಮುಗಿಯುತ್ತಿಲ್ಲ. ಅದರ ಎದೆಯಿಂದ ಹೊಳೆ ಬೆಳ್ಳಗೆ, ಅಗಲಕ್ಕೆ, ಒಂದೇ ಸಮನೆ ಸುರಿಯುತ್ತಿದೆ. ಸದ್ದು ಕಿವಿಗಷ್ಟೇ ಅಲ್ಲ, ಹಲ್ಲಿಗೂ ಎಲುಬಿಗೂ ಬಡಿಯುತ್ತಿದೆ. ಇಷ್ಟು ದಿನ ತಾನು ಕೈ ಮುಗಿದದ್ದೆಲ್ಲ ಎಷ್ಟು ಸಣ್ಣ ದೇವರಿಗೆ ಅನಿಸಿ ಅವಳಿಗೆ ಭಯವೇ ಆಯಿತು.

ಅಲ್ಲಿ ಎಲ್ಲರೂ ಕಿವುಡರೇ. ಪೂಜಾರಿಯ ಮಂತ್ರ ಪೂಜಾರಿಗೇ ಕೇಳುತ್ತಿರಲಿಲ್ಲ. ತಂಗಿ ಏನೋ ಕಿರುಚಿ, ಸೋತು, ಸುಮ್ಮನಾದಳು.

ಮೇಸ್ತ್ರಿ ಚಪ್ಪಲಿ ಕಳಚಿ ಬರಿಗಾಲಲ್ಲಿ ಬಂಡೆಯ ಮೇಲೆ ನಿಂತಿದ್ದ. ಬಂಡೆ ಮಿಲ್ಲಿನ ನೆಲದ ಹಾಗೆ ನಡುಗುತ್ತಿತ್ತು. ಅವನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು; ತುಂತುರಲ್ಲ, ಕಣ್ಣೀರೇ. ಅವಳ ಕಡೆ ತಿರುಗಿದ. ಒಂದೆಡೆ ಬಂಡೆ ಅಡ್ಡ ಬಂದು ನೀರಿನ ಆ ಬಿಳಿ ಹಾಸು ಸೀಳಿದ್ದ ಜಾಗವನ್ನು ಬೆರಳಿಂದ ತೋರಿಸಿ, ಸದ್ದಿಲ್ಲದೆ ತುಟಿಯಾಡಿಸಿದ: "ಎಳೆ ಹರಿದಿದೆ, ನೋಡ್ಕೋ."

ಅವಳ ಮೈ ಜುಮ್ಮೆಂದಿತು. ಮದುವೆಗೆ ಮೊದಲಿನಿಂದಲೇ ಅವಳೂ ಅದೇ ಮಿಲ್ಲಿನವಳು. ಮಗ್ಗಗಳ ಅಬ್ಬರದಲ್ಲಿ ಯಾರ ದನಿಯೂ ಯಾರಿಗೂ ಕೇಳದು. ಅಲ್ಲಿ ಎಲ್ಲರೂ ಎದುರಾಬದುರು ನಿಂತು ತುಟಿ ನೋಡಿಯೇ ಹರಟುವವರು. ಈ ಮನುಷ್ಯ ಎರಡು ಮಗ್ಗದಾಚೆಯಿಂದ ಅವಳಿಗೆ ಆಡಿದ ಮೊಟ್ಟಮೊದಲ ಮಾತು ಇದೇ. ಕೂಸು ಹುಟ್ಟಿ ಮಿಲ್ಲು ಬಿಟ್ಟ ಮೇಲೆ ಸಂಸಾರದ ಗದ್ದಲದಲ್ಲಿ ಅವಳು ಅದನ್ನೆಲ್ಲ ಮರೆತೇಬಿಟ್ಟಿದ್ದಳು.

ಆವತ್ತು ಕೊಟ್ಟ ಉತ್ತರವನ್ನೇ ಈಗಲೂ ದನಿಯಿಲ್ಲದೆ, ತುಟಿ ಅಗಲಿಸಿ ಕೊಟ್ಟಳು: "ನನ್ನ ಮಗ್ಗ ನಾನು ನೋಡ್ಕೋತೀನಿ. ನಿಮ್ಮದು ನೀವು ನೋಡ್ಕೊಳ್ಳಿ."

ಮೇಸ್ತ್ರಿ ಗಹಗಹಿಸಿ ನಕ್ಕ. ಆಮೇಲೆ ತುಟಿಯಲ್ಲೇ ಕೇಳಿದ: "ಇಷ್ಟು ದೊಡ್ಡ ಮಗ್ಗ ಯಾರು ನಡೆಸ್ತಾರೇ? ಒಂದು ಗಳಿಗೇನೂ ನಿಲ್ಲಿಸಲ್ವಲ್ಲ!"

"ರೀ, ನನ್ನ ಮಾತು ತಿಳಿಯುತ್ತಾ?"

"ತಿಳಿಯದೇ ಏನು?"

"ಮತ್ತೆ ಮನೇಲಿ ಯಾಕೆ ಹೇಳ್ಲಿಲ್ಲ?"

"ಎಲ್ಲರೂ ಪಕ್ಕ ಕೂತು ಕಿವಿಗೆ ಕೂಗ್ತೀರಿ. ಕಿವಿಗೆ ಬಾಯಿ ಕಾಣುತ್ತಾ? ನನ್ನ ಮುಖ ನೋಡಿ ಮಾತಾಡು ಅಂತ ಬೇಡೋಕೆ ನಾಚಿಕೆ ಆಯ್ತು."

ಅವಳು ಅಳುತ್ತ, ನಗುತ್ತ, ಹೊಳೆಗೂ ಗಂಡನಿಗೂ ಒಟ್ಟಿಗೇ ಕೈ ಮುಗಿದಳು.

ಇಳಿಯುವಾಗ ಹೊಳೆಯ ಸದ್ದು ತಗ್ಗಿ, ಹಕ್ಕಿಗಳ ದನಿ ಮತ್ತೆ ಕೇಳಿಬಂತು. ಮೇಸ್ತ್ರಿಗಿಂತ ಒಂದು ಹೆಜ್ಜೆ ಮುಂದೆ, ಅವನ ಮುಖಕ್ಕೆ ಮುಖ ಕೊಟ್ಟು, ಹಿಮ್ಮುಖವಾಗಿ ಇಳಿಯುತ್ತಿದ್ದಳು ಅವನ ಹೆಂಡತಿ. ಇಬ್ಬರ ತುಟಿಗಳೂ ಒಂದೇ ಸಮ ಆಡುತ್ತಿದ್ದವು. ಹಿಂದೆ ಬರುತ್ತಿದ್ದ ತಂಗಿಗೆ ಗಾಬರಿಯಾಯಿತು.

"ಅಕ್ಕಾ, ಹುಚ್ಚು ಹಿಡೀತಾ ನಿಂಗೆ? ಬಿದ್ದು ಹಲ್ಲು ಮುರ್ಕೋತೀಯ. ಮುಂದೆ ನೋಡ್ಕೊಂಡು ನಡಿ!"

"ಸುಮ್ನಿರೇ," ಎಂದಳು ಅಕ್ಕ, ಗಂಡನ ಮುಖದಿಂದ ಕಣ್ಣು ಕೀಳದೆ. "ನಿಮ್ಮ ಭಾವ ಮಾತಾಡ್ತಿದ್ದಾರೆ."